ಪರೀಷಹವೂ ಕಾಯಕ್ಲೇಶವೂ: ದುರ್ಗದ ಸೀಮೆಯಲ್ಲಿ ಒಂದು ಸೈಕಲ್ ಪಯಣ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯಕ್ಕೆ ಪೂಜ್ಯಪಾದರು ಬರೆದ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ, ಬಾಹ್ಯ ತಪಸ್ಸುಗಳ ವಿವರಣೆಯ ಕೊನೆಗೆ, ಒಂದು ಪುಟ್ಟ ಶಂಕೆಯೂ ಅದಕ್ಕಿಂತ ಪುಟ್ಟದಾದ ಸಮಾಧಾನವೂ ಬರುತ್ತವೆ. ಕಾಯಕ್ಲೇಶಕ್ಕೂ ಪರೀಷಹಕ್ಕೂ ಇರುವ ಭೇದವೇನು ಎಂಬುದು ಶಂಕೆ. ತಾನಾಗಿ ಬಂದೆರಗುವುದು ಪರೀಷಹ, ತಾನೇ ಮಾಡಿಕೊಳ್ಳುವುದು ಕಾಯಕ್ಲೇಶ ಎಂಬುದು ಸಮಾಧಾನ. ಒಂದು ಪದವಿ ಕಾಲೇಜಿನಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ವಡ್ಡಾರಾಧನೆಯನ್ನು ಪಾಠ ಹೇಳುತ್ತ ಬಂದ ಕನ್ನಡ ಅಧ್ಯಾಪಕರೊಬ್ಬರು ಪ್ರತಿ ವರ್ಷವೂ ಈ ವಾಕ್ಯವನ್ನು ತರಗತಿಗೆ ತರುತ್ತಿದ್ದರು. ಹತ್ತೊಂಬತ್ತು ಕಥೆಗಳ ಆ ಗ್ರಂಥದಲ್ಲಿ ಸುಕುಮಾರಸ್ವಾಮಿಯನ್ನು ನರಿಗಳು ತಿನ್ನುವ ಭಾಗ ಬಂದಾಗ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: ಎದ್ದುಹೋಗಬಹುದಿತ್ತಲ್ಲ, ಏಕೆ ಸಹಿಸಿಕೊಂಡರು? ಅಧ್ಯಾಪಕರು ಪೂಜ್ಯಪಾದರ ಭೇದವನ್ನು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಆ ಉತ್ತರ ಪ್ರಶ್ನೆಯನ್ನು ಪೂರ್ತಿಯಾಗಿ ತಾಗುವುದಿಲ್ಲವೆಂಬುದು ಅವರಿಗೂ ತಿಳಿದಿತ್ತು.

ಅವರಿಗೆ ಐವತ್ತೆರಡು ವರ್ಷ. ನಲವತ್ತೇಳರಲ್ಲಿ, ವೈದ್ಯರ ಸಲಹೆಯಿಂದ ಸೈಕಲ್ ತುಳಿಯಲು ಆರಂಭಿಸಿದವರು, ವೈದ್ಯರು ಕೇಳಿದ್ದಕ್ಕಿಂತ ಬಹು ದೂರ ಹೋಗಿಬಿಟ್ಟಿದ್ದರು. ‘ಬ್ರೆವೆ’ ಎಂದು ಕರೆಯುವ ದೂರಪ್ರಯಾಣದ ಸವಾರಿಗಳು ಅವರನ್ನು ಹಿಡಿದುಕೊಂಡಿದ್ದವು. ಬ್ರೆವೆ ಎಂದರೆ ಫ್ರೆಂಚಿನಲ್ಲಿ ಪ್ರಮಾಣಪತ್ರ. 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪರಿಸಿಯೆನ್ ಎಂಬ ಪ್ಯಾರಿಸ್ಸಿನ ಸಂಸ್ಥೆ, 1921ರಿಂದ ಸವಾರರು ತಮ್ಮ ತಮ್ಮ ವೇಗದಲ್ಲಿ ಹೋಗಬಹುದಾದ ಪದ್ಧತಿಯಲ್ಲಿ ಇವನ್ನು ನಡೆಸುತ್ತ ಬಂದಿದೆ. ಇಂದು ಅನೇಕ ದೇಶಗಳ ಕೂಟಗಳು ಅದೇ ನಿಯಮಗಳನ್ನು ಅನುಸರಿಸುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಒಂದೇ ವರ್ಷದಲ್ಲಿ ಈ ನಾಲ್ಕನ್ನೂ ಮುಗಿಸಿದವರಿಗೆ ‘ಸೂಪರ್ ರ್‍ಯಾಂಡನರ್’ ಎಂಬ ಹೆಸರು. ಇದು ಪಂದ್ಯವಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ದೊರೆಯುವುದು ಒಂದೇ ಮಾನ್ಯತೆ. ಹಿಂದೆ ಬೆಂಬಲದ ವಾಹನ ಬರುವಂತಿಲ್ಲ. ದಾರಿಯಲ್ಲಿ ಸಿಕ್ಕುವ ಅಂಗಡಿ, ಹೋಟೆಲು, ಪಂಕ್ಚರ್ ಹಾಕುವವರ ನೆರವು ಪಡೆಯಬಹುದು. ನಿಗದಿಯಾದ ಊರುಗಳಲ್ಲಿ ನಿಗದಿಯಾದ ವೇಳೆಯೊಳಗೆ ಹಾಯ್ದುಹೋದದ್ದಕ್ಕೆ ಸಾಕ್ಷಿಯಾಗಿ ಜೇಬಿನಲ್ಲಿ ಒಂದು ಮಡಿಸಿದ ಕಾರ್ಡು ಇರುತ್ತದೆ.

ಆ ವರ್ಷ ಅವರು 200, 300 ಮತ್ತು 600 ಮುಗಿಸಿದ್ದರು. 400 ಮಾತ್ರ ಉಳಿದಿತ್ತು. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲೂ ಒಂದಲ್ಲ ಒಂದು ದೂರ ತಪ್ಪಿಹೋಗಿ ನಾಲ್ಕು ಕೂಡಿರಲಿಲ್ಲ. ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ 6 ಗಂಟೆಗೆ ನೆಲಮಂಗಲದ ಆಚೆಯಿಂದ ಹೊರಟು, ಹೆದ್ದಾರಿಯಲ್ಲಿ ತುಮಕೂರು, ಶಿರಾ, ಹಿರಿಯೂರು ಹಾಯ್ದು ಚಿತ್ರದುರ್ಗ ಸೇರಿ, ಅಲ್ಲಿಂದ ಹೊಳಲ್ಕೆರೆ, ಹೊಸದುರ್ಗಗಳ ಮೇಲೆ ಸುತ್ತಿಕೊಂಡು ಮರಳಿ ಹಿರಿಯೂರಿಗೆ ಬಂದು, ಹೋದ ದಾರಿಯಲ್ಲೇ ಹಿಂದಿರುಗುವ ಪಯಣ. ಭಾನುವಾರ ಬೆಳಿಗ್ಗೆ 9ರೊಳಗೆ ಮುಗಿಯಬೇಕು.

ಜುಲೈ ಎಂಬುದನ್ನು ಗಮನಿಸಬೇಕು. ಆಷಾಢ ಶುಕ್ಲಪಕ್ಷದ ಕೊನೆಗೆ ಚಾತುರ್ಮಾಸ್ಯ ತೊಡಗುತ್ತದೆ. ವರ್ಷವಿಡೀ ಬರಿಗಾಲಲ್ಲಿ ವಿಹಾರ ಮಾಡುವ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾರೆ. ನೆಲದ ಮೇಲೆ ಜೀವರಾಶಿ ತುಂಬಿರುತ್ತದೆ, ಹೆಜ್ಜೆಯಿಟ್ಟಲ್ಲಿ ಹಿಂಸೆ. ದಾರಿಯನ್ನು ಬಲ್ಲವರು ದಾರಿಯಿಂದ ಇಳಿಯುವ ಕಾಲದಲ್ಲಿ ಇವರು ದಾರಿಗೆ ಇಳಿದಿದ್ದರು. ಸೈಕಲ್ ಸವಾರಿಯನ್ನು ತಪಸ್ಸಿಗೆ ಹೋಲಿಸುವ ಮಾತು ಸವಾರರ ನಡುವೆ ಆಗಾಗ ಕೇಳಿಬರುತ್ತದೆ. ಅಧ್ಯಾಪಕರು ಅದನ್ನು ಎಂದೂ ಒಪ್ಪಿದವರಲ್ಲ, ಒಪ್ಪಬೇಕಾದ್ದೂ ಇಲ್ಲ. ಖರ್ಚುಮಾಡಿ ಕೊಂಡುಕೊಂಡ ಆಯಾಸ ಅದು. ನಿರ್ಜರೆಯ ಉದ್ದೇಶವಿಲ್ಲದ ಕಾಯಕ್ಲೇಶ. ಹೋಲಿಕೆ ಅಲ್ಲಿಗೆ ನಿಲ್ಲಬೇಕು. ಆದರೂ ಪೂಜ್ಯಪಾದರ ಭೇದ ಆ ದಿನ ಅವರ ಬೆನ್ನು ಬಿಡಲಿಲ್ಲ.

ಹಿರಿಯೂರು ಬಂದದ್ದು ನಡುಹಗಲಿಗೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನ ಎರಡಕ್ಷರವೂ ಒಂದು ಸಂಖ್ಯೆಯೂ ಗುರುತು. ಸಂಶೋಧಕರಾಗಿ ಅಧ್ಯಾಪಕರು ಈ ಸೀಮೆಯನ್ನು ಅರಿತದ್ದು ಆ ಅಕ್ಷರಗಳಿಂದ. ಹಿರಿಯೂರು ಇಷ್ಟನೆಯದು, ಹೊಳಲ್ಕೆರೆ ಇಷ್ಟನೆಯದು ಎಂದು ಅಡಿಟಿಪ್ಪಣಿಗಳಲ್ಲಿ ನೂರಾರು ಸಲ ಬರೆದವರಿಗೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ಏರು, ಎಲ್ಲಿ ನೆರಳಿಲ್ಲ, ಯಾವ ಕಡೆಯಿಂದ ಗಾಳಿ ಎಂಬುದು ಗೊತ್ತಿರಲಿಲ್ಲ. ಹಿರಿಯೂರಿನ ಹೋಟೆಲೊಂದರಲ್ಲಿ ಅನ್ನ–ಮಜ್ಜಿಗೆ ಉಂಡು, ತೇರುಮಲ್ಲೇಶ್ವರನ ಗುಡಿಯ ಕಡೆ ಹೋಗಿಬರುವ ಆಸೆಯನ್ನು ಗಡಿಯಾರ ನೋಡಿ ಬಿಟ್ಟರು. ಮೂರೂ ಕಾಲಿಗೆ ಚಿತ್ರದುರ್ಗ. ಕೋಟೆಯ ಬಂಡೆಗಳು ಮೋಡದ ಬೆಳಕಿನಲ್ಲಿ ಆನೆಗಳಂತೆ ಒತ್ತೊತ್ತಾಗಿ ಕುಳಿತಿದ್ದವು. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಚಂದ್ರವಳ್ಳಿ. ಕದಂಬ ಮಯೂರಶರ್ಮನ ಕೆರೆಯ ಶಾಸನ ಇರುವ ಜಾಗ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಆ ಕಣಿವೆಗೆ ಅಧ್ಯಾಪಕರು ವಿದ್ಯಾರ್ಥಿಗಳನ್ನು ಮೂರು ಬಾರಿ ಬಸ್ಸಿನಲ್ಲಿ ಕರೆತಂದಿದ್ದರು. ಬಸ್ಸಿನೊಳಗೆ ಗಾಳಿ ಇರುವುದಿಲ್ಲ.

ದುರ್ಗದಿಂದ ಹೊಳಲ್ಕೆರೆಗೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ. ದಾರಿ ನೈಋತ್ಯಕ್ಕೆ ಸಾಗುತ್ತದೆ. ಮುಂಗಾರಿನ ಗಾಳಿ ಬರುವುದೂ ಅದೇ ದಿಕ್ಕಿನಿಂದ. ಈ ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳು ಸುಮ್ಮನೆ ನಿಂತವಲ್ಲ ಎಂಬುದು ನಾಲ್ಕು ಗಂಟೆಗೆ ಊರು ಬಿಟ್ಟ ಹತ್ತು ನಿಮಿಷಕ್ಕೆ ತಿಳಿಯಿತು. ಮೂರೂ ರೆಕ್ಕೆಗಳು ಅವರ ಕಡೆಗೇ ಮುಖಮಾಡಿ ತಿರುಗುತ್ತಿದ್ದವು. ಇಳಿಜಾರಿನಲ್ಲೂ ತುಳಿಯಬೇಕಾಯಿತು. ಗಂಟೆಗೆ 12, 13 ಕಿಲೋಮೀಟರ್. ನಿಯಮ ಬೇಡುವ ಸರಾಸರಿ 15. ಬೆಳಗಿನಿಂದ ಕೂಡಿಟ್ಟ ವೇಳೆ ಗಾಳಿಗೆ ಕರಗತೊಡಗಿತು. ಎದುರುಗಾಳಿಯ ಗುಣವೆಂದರೆ ಅದು ಏರಿನಂತೆ ಮುಗಿಯುವುದಿಲ್ಲ, ತುದಿ ಕಾಣುವುದಿಲ್ಲ. ಕಿವಿಯಲ್ಲಿ ಒಂದೇ ಭೋರ್ಗರೆತ, ಹೊಲದಲ್ಲಿ ಮೆಕ್ಕೆಜೋಳದ ಎಳೆಪೈರು ಒಂದೇ ಕಡೆಗೆ ಬಾಗಿದ್ದು. ಇದನ್ನು ಪರೀಷಹವೆನ್ನಬಹುದೆ ಎಂದು ಅವರು ಯೋಚಿಸಿದರಂತೆ. ಗಾಳಿ ತಾನಾಗಿ ಬಂದದ್ದು, ನಿಜ. ಆದರೆ ಜುಲೈಯಲ್ಲಿ ಈ ದಾರಿಗೆ ಹೆಸರು ಬರೆಸಿದ್ದು ತಾವು.

ಅಂಥ ಹೊತ್ತಿನಲ್ಲೇ ಹಿಂದಿನ ಚಕ್ರ ನೆಲಕ್ಕೆ ಕುಳಿತಿತು. ರಸ್ತೆಯಂಚಿನ ಬಳ್ಳಾರಿ ಜಾಲಿಯ ಮುಳ್ಳು. ಅವರು ಟೈರು ಬಿಡಿಸಿ, ತೂತಾದ ಟ್ಯೂಬು ಹೊರಗೆಳೆದು, ಇದ್ದ ಒಂದೇ ಹೊಸ ಟ್ಯೂಬನ್ನು ಹಾಕಿ, ಕೈಪಂಪಿನಿಂದ ಗಾಳಿ ತುಂಬಿ ಹೊರಟರು. ಇಪ್ಪತ್ತೈದು ನಿಮಿಷ ಹೋಯಿತು. ಹಾಗೆ ಹೊರಡುವ ಆತುರದಲ್ಲಿ ಒಂದು ಕೆಲಸ ಬಿಟ್ಟುಹೋಯಿತು. ಸೈಕಲ್ ರಿಪೇರಿ ಕಲಿಸುವವರೆಲ್ಲ ಮೊದಲ ದಿನವೇ ಹೇಳುವ ಮಾತು ಅದು: ಹೊಸ ಟ್ಯೂಬು ಹಾಕುವ ಮುಂಚೆ ಟೈರಿನ ಒಳಮೈಯನ್ನು ಸುತ್ತಲೂ ಬೆರಳಿನಿಂದ ಸವರಿ ನೋಡಬೇಕು.

ಹೊಳಲ್ಕೆರೆ ಸೇರಿದಾಗ 7 ಗಂಟೆ. ಬಯಲು ಗಣಪತಿಯ ಊರು ಮುಸ್ಸಂಜೆಯ ದೀಪ ಹಚ್ಚಿಕೊಂಡಿತ್ತು. ಅಲ್ಲಿ ನಿಲ್ಲದೆ ಮುಂದುವರಿದರು. ಊರಾಚೆ ದಾರಿ ದಕ್ಷಿಣಕ್ಕೆ ತಿರುಗಿ, ಗಾಳಿ ಮುಖದಿಂದ ಭುಜಕ್ಕೆ ಸರಿದು, ಅಡಿಕೆ ತೋಟದ ತಂಪು ತಾಗಿ, ಇನ್ನೇನು ದಿನ ಕೈಗೆ ಬಂತು ಎನ್ನುವಾಗ ಹಿಂದಿನ ಚಕ್ರ ಮತ್ತೆ ಕುಳಿತಿತು.

ಹೊಸ ಟ್ಯೂಬು ಇರಲಿಲ್ಲ. ತೇಪೆ ಹಾಕುವ ಸೊಲ್ಯೂಷನ್ನಿನ ಕೊಳವೆ ಎಂದೋ ತೆರೆದು ಒಣಗಿಹೋಗಿತ್ತು. ಸೈಕಲ್ ತಳ್ಳಿಕೊಂಡು ಕತ್ತಲಲ್ಲಿ ಒಂದೂವರೆ ಕಿಲೋಮೀಟರ್ ನಡೆದ ಮೇಲೆ ಒಂದು ಹಳ್ಳಿ, ಮರಕ್ಕೆ ಟೈರು ನೇತುಹಾಕಿದ್ದ ಪಂಕ್ಚರ್ ಅಂಗಡಿ. ಬಾಗಿಲು ಹಾಕಿತ್ತು. ಹಿಂಬದಿಯ ಮನೆಯಿಂದ ಒಬ್ಬ ಹಿರಿಯರು ಊಟದ ಕೈ ತೊಳೆದು ಬಂದರು. ಬಲ್ಬು ಹಚ್ಚಿ, ಟ್ಯೂಬನ್ನು ನೀರಿನ ಬಾಂಡಲಿಯಲ್ಲಿ ಅದ್ದಿ ಗುಳ್ಳೆ ಬರುವ ಜಾಗಕ್ಕೆ ಗುರುತು ಮಾಡಿದರು. ಆಮೇಲೆ ಯಾರೂ ಹೇಳದೆಯೇ ಟೈರನ್ನು ಮಡಿಲಿಗೆಳೆದುಕೊಂಡು ಒಳಗೆಲ್ಲ ಹೆಬ್ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು.

“ಮುಳ್ಳು ಇಲ್ಲೇ ಐತಲ್ಲ ಸಾರ್. ನೀವು ಮೊದ್ಲು ಬಿಚ್ಚಿದಾಗ ತೆಗ್ದೇ ಇಲ್ಲ.”

ಇಕ್ಕಳದಿಂದ ಅದನ್ನು ಎಳೆದು ಅಂಗೈ ಮೇಲಿಟ್ಟು ತೋರಿಸಿದರು. ಅಕ್ಕಿಕಾಳಿನ ಅರ್ಧದಷ್ಟು. ಹೊರಗಿನ ಭಾಗ ಮುರಿದು, ತುದಿ ಮಾತ್ರ ರಬ್ಬರಿನೊಳಗೆ ಉಳಿದುಕೊಂಡಿತ್ತು. ಹೊಸ ಟ್ಯೂಬಿನ ಮೇಲೆ ಮೂವತ್ತು ಕಿಲೋಮೀಟರಿನಷ್ಟು ದೂರ ಸ್ವಲ್ಪಸ್ವಲ್ಪವೇ ಉಜ್ಜಿ ಅದು ತೂತು ಮಾಡಿತ್ತು. ತೇಪೆ ಕೂರುವವರೆಗೆ ಹಿರಿಯರು ಎಲ್ಲಿಂದ ಎಲ್ಲಿಗೆ, ಏಕೆ ಎಂದು ವಿಚಾರಿಸಿದರು. ಏಕೆ ಎಂಬುದಕ್ಕೆ ಕೊಟ್ಟ ಉತ್ತರ ಅವರಿಗೆ ಸಮಾಧಾನ ತಂದಂತೆ ಕಾಣಲಿಲ್ಲ. ಕೇಳಿದ ಹಣ ಮೂವತ್ತು ರೂಪಾಯಿ. ಐವತ್ತು ಕೊಟ್ಟರೆ ಇಪ್ಪತ್ತನ್ನು ಹಿಂದಕ್ಕೆ ಕೊಟ್ಟರು.

ಬಂಧಕ್ಕೆ ಕಾರಣಗಳನ್ನು ಎಣಿಸುವಾಗ ಉಮಾಸ್ವಾತಿಗಳು ಮಿಥ್ಯಾದರ್ಶನ, ಅವಿರತಿ, ಪ್ರಮಾದ, ಕಷಾಯ, ಯೋಗ ಎಂದು ಐದನ್ನು ಹೇಳುತ್ತಾರೆ. ಇವುಗಳ ನಡುವೆ ಕುಳಿತ ಪ್ರಮಾದ ಎಂಬ ಪದವನ್ನು ಕನ್ನಡದಲ್ಲಿ ಇಂದು ‘ದೊಡ್ಡ ತಪ್ಪು’, ‘ಅಪಾಯ’ ಎಂಬ ಅರ್ಥದಲ್ಲಿ ಬಳಸುವುದುಂಟು. ಮೂಲದಲ್ಲಿ ಅದು ಎಚ್ಚರಗೇಡಿತನ, ಮಾಡಬೇಕಾದ ಒಳ್ಳೆಯ ಕೆಲಸದಲ್ಲಿ ಅನಾದರ. ಮೊದಲ ಸಲ ಚುಚ್ಚಿದ ಮುಳ್ಳು ತಾನಾಗಿ ಬಂದದ್ದು. ಎರಡನೆಯ ಸಲ ಚುಚ್ಚಿದ್ದೂ ಅದೇ ಮುಳ್ಳು, ಆದರೆ ಈಗ ಅದು ತಮ್ಮದು. ಹೊಸದುರ್ಗದವರೆಗಿನ ಇಪ್ಪತ್ತೆರಡು ಕಿಲೋಮೀಟರ್ ಅವರು ಇದನ್ನೇ ಮೆಲುಕು ಹಾಕಿದರು. ಬೆಳಕಿನ ಕೋಲಿನೊಳಗೆ ಮಳೆಹುಳುಗಳು ನುಗ್ಗಿ ಕನ್ನಡಕಕ್ಕೆ, ಎದೆಗೆ ಬಡಿಯುತ್ತಿದ್ದವು. ಈರ್ಯಾಸಮಿತಿಯ ಪಾಠ ಹೇಳುವ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡೇ ಇರಬೇಕಾಯಿತು.

ಹೊಸದುರ್ಗದ ಸಾಕ್ಷಿ ಒಂದು ಬೇಕರಿ. ಅಲ್ಲಿ ಏನನ್ನಾದರೂ ಕೊಂಡು, ಅಂಗಡಿಯವರಿಂದ ಕಾರ್ಡಿನಲ್ಲಿ ವೇಳೆ ಬರೆಸಿ ಮುದ್ರೆ ಹಾಕಿಸಿಕೊಳ್ಳಬೇಕು. ಅಲ್ಲಿಗೆ ಸುಮಾರು 227 ಕಿಲೋಮೀಟರ್. ಮುಚ್ಚುವ ವೇಳೆ ರಾತ್ರಿ 9 ಗಂಟೆ 8 ನಿಮಿಷ. ಅಧ್ಯಾಪಕರು ಕಟ್ಟೆಗೆ ಸೈಕಲ್ ಒರಗಿಸಿದಾಗ 9 ಗಂಟೆ 31 ನಿಮಿಷ. ಉಳಿದ ಸವಾರರೆಲ್ಲ ಹೋಗಿಯಾಗಿತ್ತು. ಅಂಗಡಿಯವರು ಶಟರು ಅರ್ಧ ಎಳೆದವರು ಮತ್ತೆ ಎತ್ತಿ ಒಂದು ಬನ್ನು, ಹಾಲು ಕೊಟ್ಟರು. ಕಾರ್ಡು ತೆಗೆದುಕೊಂಡು ಓದಿ, ಇವರ ಮುಖ ನೋಡಿ, ಪೆನ್ನು ಹಿಡಿದು ಕೇಳಿದರು:

“ಒಂಬತ್ತು ಅಂತ ಹಾಕ್ಲಾ ಮೇಷ್ಟ್ರೆ? ಇನ್ನೂ ಅಷ್ಟು ದೂರ ಹೋಗೋರು ನೀವು. ಯಾರು ನೋಡಕ್ಕೆ ಬರ್ತಾರೆ?”

ಕರುಣೆಯಿಂದ ಆಡಿದ ಮಾತು. ಅದರಲ್ಲಿ ವಂಚನೆಯ ಲವಲೇಶವೂ ಇರಲಿಲ್ಲ. ದಣಿದವನಿಗೆ ನೀರು ಕೊಟ್ಟಂತೆ ವೇಳೆಯನ್ನೂ ಕೊಡುತ್ತಿದ್ದರು, ಅಷ್ಟೆ. ಅಧ್ಯಾಪಕರು ತಕ್ಷಣ ಉತ್ತರಿಸಲಿಲ್ಲ. ಇದನ್ನು ಅವರೇ ಹೇಳಿಕೊಂಡದ್ದರಿಂದ ಇಲ್ಲಿ ಬರೆಯಬಹುದು: ಬನ್ನು ಮುಗಿಯುವವರೆಗೂ ಸುಮ್ಮನಿದ್ದರು. ಮೂರು ವರ್ಷ, ನಾಲ್ಕು ದೂರಗಳು, ಉಳಿದದ್ದು ಇದೊಂದೇ. ಇಪ್ಪತ್ತಮೂರು ನಿಮಿಷ. ಇತ್ತ ಇಪ್ಪತ್ತು ವರ್ಷಗಳಿಂದ ಅವರ ಸಂಶೋಧನೆಯ ಬಹುಪಾಲು ಶಾಸನಗಳ ಕಾಲನಿರ್ಣಯ. ಶಕವರ್ಷಕ್ಕೂ ಸಂವತ್ಸರಕ್ಕೂ, ತಿಥಿಗೂ ವಾರಕ್ಕೂ ತಾಳೆಯಾಗದ ಕಲ್ಲುಗಳ ಮುಂದೆ ಕುಳಿತು, ಬರೆಸಿದವನು ತಪ್ಪಿದನೋ ಕಂಡರಿಸಿದವನು ತಪ್ಪಿದನೋ, ಇಲ್ಲವೇ ಯಾರೋ ಬೇಕೆಂದೇ ಹಿಂದಿನ ಕಾಲ ಹಾಕಿಸಿದರೋ ಎಂದು ಪುಟಗಟ್ಟಲೆ ವಾದಿಸಿದವರು. ಕೂಟಶಾಸನಗಳ ಬಗ್ಗೆ ಅವರದೇ ಒಂದು ಲೇಖನವಿದೆ. ಈಗ ಅವರದೊಂದು ಕಾರ್ಡು, ಒಂದು ಮುದ್ರೆ, ಒಂದು ವೇಳೆ.

“ಒಂಬತ್ತು ಮೂವತ್ತೊಂದು ಅಂತಲೇ ಬರೆಯಿರಿ” ಎಂದರು.

ಅಂಗಡಿಯವರು ತಲೆಯಾಡಿಸಿ ಹಾಗೆಯೇ ಬರೆದರು. ಅಂಕಿಗಳು ಕನ್ನಡದವು, ದುಂಡಗೆ.

ಸಂಘಟಕರಿಗೆ ಫೋನು ಮಾಡಿದಾಗ, ಬೇಕಾದರೆ ಮುಂದುವರಿಯಿರಿ, ತೀರ್ಮಾನ ಕೊನೆಯಲ್ಲಿ ಎಂದರು. ಸವಾರನ ಕೈಮೀರಿದ, ಮುಂಗಾಣಲಾಗದ ಕಾರಣದಿಂದ ನಡುವಣ ಠಾಣೆಗೆ ತಡವಾದರೆ ಅದನ್ನು ಮನ್ನಿಸುವ ಅಧಿಕಾರ ಸಂಘಟಕರಿಗೆ ಉಂಟು. ಒಟ್ಟು ವೇಳೆ ಮಾತ್ರ ಮೀರಬಾರದು. ಪೂಜ್ಯಪಾದರನ್ನು ಓದದ ಪ್ಯಾರಿಸ್ಸಿನವರು ತಾನಾಗಿ ಬಂದದ್ದಕ್ಕೂ ತಾನೇ ಮಾಡಿಕೊಂಡದ್ದಕ್ಕೂ ನಡುವೆ ಅದೇ ಗೆರೆ ಎಳೆದಿದ್ದರು.

ಹೊಸದುರ್ಗದಿಂದ ಹಿರಿಯೂರಿಗೆ ದಾರಿ ಪೂರ್ವಕ್ಕೆ ತಿರುಗುತ್ತದೆ. ಮಧ್ಯಾಹ್ನದಿಂದ ತಡೆದ ಗಾಳಿ ಈಗ ಬೆನ್ನಿಗೆ ಬಂತು. ಐವತ್ತಕ್ಕೂ ಮಿಕ್ಕ ಕಿಲೋಮೀಟರ್, ದಾರಿಯಲ್ಲಿ ಒಂದೆರಡು ಲಾರಿ, ನಾಯಿಗಳ ಬೊಗಳು, ತೆಂಗಿನ ತೋಟಗಳ ಕಪ್ಪು. ಈ ನಡುವಣ ಸೀಮೆಯ ಮತ್ತೋಡಿನಲ್ಲಿ ಹಿಂದೆ ಗಾಜು ಕಾಯಿಸಿ ಬಳೆ ಮಾಡುತ್ತಿದ್ದರು. 1800ರಲ್ಲಿ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಆ ಕಸುಬನ್ನು ಬಹಳ ವಿವರವಾಗಿ ದಾಖಲಿಸಿದ್ದಾನೆ. ದಕ್ಷಿಣಕ್ಕೆ ಹುಳಿಯಾರಿನ ಬಳಿಯ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ. ಜೈನ ಶಿಲ್ಪವನ್ನು ಅಭ್ಯಸಿಸುವವರು ಶ್ರವಣಬೆಳಗೊಳದಿಂದ ನೇರ ಹಿಂದಿರುಗದೆ ಅಲ್ಲಿಗೂ ಒಮ್ಮೆ ಹೋಗಬೇಕು. ಮಧ್ಯರಾತ್ರಿಗೆ ಮುಂಚೆ ವಾಣಿವಿಲಾಸ ಸಾಗರದ ದಿಕ್ಕಿನಲ್ಲಿ ಕೆಲವು ದೀಪಗಳು ಕಂಡವು. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ಕಟ್ಟಿಹಾಕಿದ ಮಾರಿಕಣಿವೆ, 1907ರಲ್ಲಿ ಮುಗಿದ ಕೆಲಸ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. ನೀರು ಕಾಣಲಿಲ್ಲ. ನೀರಿನ ವಾಸನೆ ಮಾತ್ರ ಗಾಳಿಯಲ್ಲಿ ಬಂತು.

ಹಿರಿಯೂರು 12:30. ಅಲ್ಲಿಯ ಗಡುವಿಗೆ ಇಪ್ಪತ್ತು ನಿಮಿಷ ಉಳಿದಿತ್ತು. ಮುಂದಿನದು ಹೆದ್ದಾರಿ, ನಿದ್ದೆ, ಲಾರಿಗಳ ಸದ್ದು, ಶಿರಾದ ಒಂದು ಬಸ್ ತಂಗುದಾಣದಲ್ಲಿ ಇಪ್ಪತ್ತು ನಿಮಿಷ ಮಲಗಿದ್ದು. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಭಾನುವಾರ ಬೆಳಿಗ್ಗೆ 8 ಗಂಟೆ 41 ನಿಮಿಷಕ್ಕೆ ಅವರು ಹೊರಟ ಜಾಗಕ್ಕೆ ಮರಳಿದರು. ಗಡುವಿಗೆ ಹತ್ತೊಂಬತ್ತು ನಿಮಿಷ ಮುಂಚೆ. ಸಂಘಟಕ ತರುಣ, ಅವರ ಅರ್ಧ ವಯಸ್ಸಿನವನು, ಎದ್ದು ನಿಂತು ಸೈಕಲ್ ಹಿಡಿದುಕೊಂಡ. ಕಾರ್ಡು ಬಿಡಿಸಿ ನೋಡಿ, ಹೊಸದುರ್ಗದ ಚೌಕದಲ್ಲಿ ಬೆರಳಿಟ್ಟ.

“ಗಾಳಿ ಬಹಳ ಇತ್ತಂತೆ ಸರ್. ನಿಮಗೆ ಎರಡು ಪಂಕ್ಚರ್ ಬೇರೆ. ಕೈಮೀರಿದ್ದು ಅಂತ ಬರೆದುಕೊಳ್ಳಲಾ?”

ಆಲೋಚನೆ ಎಂಬ ಪದಕ್ಕೆ ಜೈನ ಪರಿಭಾಷೆಯಲ್ಲಿ ‘ಚಿಂತನೆ’ ಎಂಬ ಅರ್ಥವಿಲ್ಲ. ಪ್ರಾಯಶ್ಚಿತ್ತದ ಭೇದಗಳಲ್ಲಿ ಅದು ಮೊದಲನೆಯದು: ಗುರುವಿನ ಮುಂದೆ ತನ್ನ ದೋಷವನ್ನು, ಏನನ್ನೂ ಮರೆಮಾಚದೆ, ಹೇಳುವುದು. ಅಧ್ಯಾಪಕರಿಗೆ ಆ ಹೊತ್ತಿನಲ್ಲಿ ಅದು ನೆನಪಿತ್ತೋ ಇಲ್ಲವೋ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಶೂ ಬಿಚ್ಚುತ್ತ, ಮೊದಲ ಪಂಕ್ಚರಿನಲ್ಲಿ ಟೈರು ಸವರಿ ನೋಡದಿದ್ದದ್ದನ್ನು, ಎರಡನೆಯದೂ ಅದೇ ಮುಳ್ಳೆಂಬುದನ್ನು, ಸೊಲ್ಯೂಷನ್ ಒಣಗಿದ್ದನ್ನು ಅನುಕ್ರಮವಾಗಿ ಹೇಳಿದರು. ತರುಣ ಸ್ವಲ್ಪ ಹೊತ್ತು ಪೆನ್ನನ್ನು ಮುಚ್ಚುತ್ತ ತೆರೆಯುತ್ತ ಇದ್ದ. “ಅದನ್ನು ನೀವು ಹೇಳದಿದ್ದರೆ ಆಗ್ತಿತ್ತು ಸರ್” ಎಂದ. ಆಮೇಲೆ ಇಡ್ಲಿಯ ತಟ್ಟೆ ತಂದುಕೊಟ್ಟ.

ಮುಗಿಸಿದವರ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಲೆಕ್ಕಕ್ಕೆ ಸೇರದ ಕಾರ್ಡನ್ನು ತಮಗೇ ಕೊಡಬಹುದೇ ಎಂದು ಕೇಳಿ ಪಡೆದುಕೊಂಡರು. ಅದೀಗ ರೈಸರ 11ನೆಯ ಸಂಪುಟದಲ್ಲಿ, ಹೊಳಲ್ಕೆರೆ ತಾಲ್ಲೂಕಿನ ಶಾಸನಗಳು ಆರಂಭವಾಗುವ ಪುಟದ ಎದುರಿಗೆ ಇದೆ. ಸಂಪುಟವನ್ನು ಎರವಲು ಕೇಳಿದ ವಿದ್ಯಾರ್ಥಿಯೊಬ್ಬ ಅದನ್ನು ಕಂಡು, ಈ 9:31 ಏನು ಎಂದು ಕೇಳಿದ್ದಾನೆ.